ಜೋಳ ಯಾವುದು, ಗೋವಿನಜೋಳ ಯಾರದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಾಳೆ. ಅಲ್ಲಿನ ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಗೋವಿನಜೋಳದ ಹಿಟ್ಟು ಕೊಟ್ಟರಂತೆ. ಮರಳಿ ಕೊಡಲು ಹೋದಾಗ ‘ಇದೇ ಜೋಳ ಕಣಮ್ಮ’ ಎಂದರಂತೆ. ಯಾರ ಮಾತು ಸರಿ? ಬೇರೆ ದೇಶಗಳಲ್ಲಿಯೂ ಹೀಗೆ ಒಂದೇ ಹೆಸರಿನಿಂದ ಎರಡು ಕಾಳುಗಳನ್ನು ಕರೆಯುತ್ತಾರೆಯೇ? ಇನ್ನೂ ಒಂದು ಮಾತು. ಗೋವಿನಜೋಳ ಎಂದರೆ ಗೋವುಗಳಿಗೆ ಹಾಕುವ ಜೋಳವೋ, ಗೋವೆಯಿಂದ ಬಂದ ಜೋಳವೋ? ನಮ್ಮ ಮನೆಯಲ್ಲಿ ಇದರ ಮೇಲೆ ಎರಡು ಪಕ್ಷಗಳಾಗಿವೆ.

ಉತ್ತರ: ಅಕ್ಕನವರೇ, ಮೊದಲು ಮಗಳ ರೊಟ್ಟಿಯ ಚಿಂತೆ ಕಳೆಯೋಣ. ‘ಬಿಳಿಜೋಳದ ಹಿಟ್ಟು’ ಎಂದು ಕೇಳಲು ಹೇಳಿ. ಬೆಂಗಳೂರಿನಲ್ಲಿ ನಮ್ಮ ಕಡೆಯವರು ಬೇಕಾದಷ್ಟಿದ್ದಾರೆ, ಅಂಗಡಿಯವರಿಗೆ ಈ ಹೆಸರು ಗೊತ್ತಿರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಬಿಳಿಜೋಳದ್ದಾದರೂ ಜಿಗಿ ಹೋಗಿರುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ತರಲಿ. ಹಾಗೆಯೇ ‘ಕಾರ್ನ್‌ಫ್ಲೋರ್’ ಎಂಬ ನುಣ್ಣನೆಯ ಬಿಳಿ ಪುಡಿಯ ಪೊಟ್ಟಣಕ್ಕೆ ಕೈ ಹಾಕುವುದು ಬೇಡ. ಅದು ಗೋವಿನಜೋಳದಿಂದ ತೆಗೆದ ಬರೀ ಪಿಷ್ಟ. ಸಾರು ಗಟ್ಟಿ ಮಾಡಲು ಆಗುತ್ತದೆ, ರೊಟ್ಟಿಗೆ ಅಲ್ಲ.

ಇನ್ನು ಯಾರ ಮಾತು ಸರಿ ಎಂಬುದು. ಅಂಗಡಿಯವರು ಮೋಸ ಮಾಡಿಲ್ಲ, ನಿಮ್ಮ ಮಗಳೂ ತಪ್ಪು ಹೇಳಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ‘ಜೋಳ’ ಎಂದಷ್ಟೇ ಅಂದರೆ ರೊಟ್ಟಿಯ ಜೋಳ. ಅದಕ್ಕೆ ಬೇರೆ ಗುರುತು ಬೇಕಿಲ್ಲ. ಆಮೇಲೆ ಬಂದ ಕಾಳಿಗೆ ‘ಗೋವಿನ’ ಎಂಬ ಗುರುತು ಹಚ್ಚಿದ್ದೇವೆ. ಮೈಸೂರು, ಮಂಡ್ಯ, ಬೆಂಗಳೂರಿನ ಕಡೆ ಊಟದ ನಡುವೆ ಕುಳಿತಿದ್ದು ರಾಗಿ. ಅಲ್ಲಿ ಜೋಳ ಎಂಬ ಮಾತು ಇತ್ತು, ಆದರೆ ದಿನಕ್ಕೆ ಎರಡು ಹೊತ್ತು ಅದನ್ನು ಆಡುವ ಪ್ರಸಂಗವಿರಲಿಲ್ಲ. ಹೊಸ ಕಾಳು ಹೊಲಕ್ಕೆ, ಸಂತೆಗೆ, ರಸ್ತೆ ಬದಿಯ ಕೆಂಡದ ಮೇಲಕ್ಕೆ ಬಂದಾಗ ಬಳಕೆ ಕಡಿಮೆಯಿದ್ದ ಆ ಹೆಸರನ್ನು ಅದು ಆಕ್ರಮಿಸಿಕೊಂಡಿತು. ಅವರು ಮೊದಲು ‘ಮುಸುಕಿನ ಜೋಳ’ ಎನ್ನುತ್ತಿದ್ದರು, ಈಗಲೂ ಅನೇಕರು ಹಾಗೆಯೇ ಅನ್ನುತ್ತಾರೆ. ಅವಸರದ ಮಾತಿನಲ್ಲಿ ಮುಸುಕು ಜಾರಿತು, ಜೋಳ ಉಳಿಯಿತು. ನಡುನಾಡಿನಲ್ಲಿ, ದಾವಣಗೆರೆಯ ಸುತ್ತ, ಅದೇ ಕಾಳಿಗೆ ‘ಮೆಕ್ಕೆಜೋಳ’ ಎನ್ನುತ್ತಾರೆ. ಕೃಷಿ ಇಲಾಖೆಯ ಕಾಗದಗಳಲ್ಲಿಯೂ ಬಹುಮಟ್ಟಿಗೆ ಅದೇ ಹೆಸರು.

ಈ ಮೂರು ಹೆಸರುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಮುಸುಕಿನ ಜೋಳ. ನಮ್ಮ ಜೋಳದ ತೆನೆಯನ್ನು ನೋಡಿ: ಕಾಳೆಲ್ಲ ಬಯಲಿಗೆ ಬಿದ್ದು, ಮುತ್ತು ಪೋಣಿಸಿದಂತೆ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತದೆ. ಅದಕ್ಕೇ ಹಾಲುಗಾಳಿನ ಹೊತ್ತಿಗೆ ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಕವಣೆ ಹಿಡಿದು, ಬೆಳಗಿನಿಂದ ಹಕ್ಕಿ ಕಾಯಬೇಕು. ಇನ್ನೊಂದರ ತೆನೆ ದಂಟಿನ ನಡುಭಾಗದಲ್ಲಿ, ಪದರ ಪದರ ಹೊದಿಕೆಯೊಳಗೆ ತಲೆಮರೆಸಿಕೊಂಡಿರುತ್ತದೆ. ಮೇಲೆ ಒಂದಿಷ್ಟು ರೇಷ್ಮೆಯಂಥ ಕೂದಲು ಮಾತ್ರ ಕಾಣುತ್ತದೆ. ಜೋಳ ಬಲ್ಲವರು ಈ ಹೊಸ ಗಿಡವನ್ನು ಮೊದಲ ಸಲ ಕಂಡಾಗ ‘ಎಲೆ ಜೋಳದ್ದೇ, ದಂಟೂ ಜೋಳದ್ದೇ, ತೆನೆ ಮಾತ್ರ ಮುಸುಕು ಹಾಕಿಕೊಂಡಿದೆ’ ಎಂದಿರಬೇಕು. ಚೀನದ ನೈಋತ್ಯದ ಪ್ರಾಂತ್ಯಗಳ ಜನ ಇದಕ್ಕೆ ‘ಬಾವ್‌ಗು’ ಎನ್ನುತ್ತಾರೆ. ‘ಬಾವ್’ ಎಂದರೆ ಸುತ್ತಿದ್ದು, ‘ಗು’ ಎಂದರೆ ಧಾನ್ಯ. ಮೈಸೂರಿನ ರೈತನೂ ಅಲ್ಲಿನ ರೈತನೂ ಒಬ್ಬರನ್ನೊಬ್ಬರು ಕಂಡವರಲ್ಲ, ಒಂದೇ ಹೆಸರು ಇಟ್ಟಿದ್ದಾರೆ. ಪೇಟೆಯ ಚೀನೀ ಭಾಷೆಯಲ್ಲಿ ಅದು ‘ಯೂಮಿ’, ಅಂದರೆ ಪಚ್ಚೆಕಲ್ಲಿನ ಅಕ್ಕಿ. ಇನ್ನೂ ಶಾಸ್ತ್ರೀಯವಾಗಿ ಹೇಳುವಾಗ ‘ಯೂಷುಷು’ ಎನ್ನುತ್ತಾರೆ. ಆ ‘ಷುಷು’ ಅವರ ಹಳೆಯ ಜೋಳದ ಹೆಸರು, ಷು ಎಂಬ ಸೀಮೆಯ ಸಿರಿಧಾನ್ಯ ಎಂಬರ್ಥದ್ದು. ಅವರದೂ ನಮ್ಮದೇ ಯುಕ್ತಿ: ಜೋಳದ ಹೆಸರಿಗೆ ಮುಂದೊಂದು ಮಾತು ಅಂಟಿಸಿದರು.

ಈ ಯುಕ್ತಿ ಎಲ್ಲಿ ಎಲ್ಲಿ ನಡೆದಿದೆ ಎಂದು ಹುಡುಕುತ್ತ ಹೋದರೆ ಜಗತ್ತಿನ ಅರ್ಧ ಸಿಗುತ್ತದೆ. ತೆಲುಗಿನಲ್ಲಿ ಜೊನ್ನ, ಮೊಕ್ಕಜೊನ್ನ. ತಮಿಳಿನಲ್ಲಿ ಚೋಳಂ, ಮಕ್ಕಾಚ್ಚೋಳಂ. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಜೋಳಕ್ಕೆ ‘ಮಾಶಿಲ್ಲಾ’, ಹೊಸದಕ್ಕೆ ‘ಯೆಬಾಹರ್ ಮಾಶಿಲ್ಲಾ’, ಎಂದರೆ ಕಡಲಿನ ಜೋಳ, ಕಡಲು ದಾಟಿ ಬಂದದ್ದು. ಆ ಹೆಸರಿಟ್ಟವರು ದಾರಿಯನ್ನು ಸರಿಯಾಗಿಯೇ ಗುರುತಿಸಿದ್ದರು.

ಏಕೆಂದರೆ ಈ ಮುಸುಕಿನ ಕಾಳು ಹುಟ್ಟಿದ್ದು ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ. ಅಲ್ಲಿನ ಜನ ಸುಮಾರು 9000 ವರ್ಷಗಳ ಹಿಂದೆ ‘ಟಿಯೊಸಿಂಟೆ’ ಎಂಬ ಕಾಡು ಹುಲ್ಲನ್ನು ಪಳಗಿಸಿ ಇದನ್ನು ಮಾಡಿಕೊಂಡರು. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ಟೈನೊ ಜನ ಇದನ್ನು ‘ಮಹೀಸ್’ ಎನ್ನುತ್ತಿದ್ದರು. ಸ್ಪೇನಿನವರು ಅದನ್ನೇ ‘ಮಾಯಿಸ್’ ಮಾಡಿಕೊಂಡರು, ಇಂಗ್ಲಿಷಿನ ‘ಮೇಜ್’, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ‘ಮಾಯಿಸ್’ ಎಲ್ಲವೂ ಅದರ ಮಕ್ಕಳು. ಸ್ಪೇನಿನವರು ಕಾಲಿಟ್ಟ ಕೆಲವೇ ದಶಕಗಳಲ್ಲಿ ಟೈನೊ ಜನರಲ್ಲಿ ಬಹುಪಾಲು ಮಂದಿ ರೋಗಕ್ಕೂ ದುಡಿಮೆಯ ಹಿಂಸೆಗೂ ಬಲಿಯಾದರು. ಅವರ ಈ ಒಂದು ಮಾತು ಈಗ ಯುರೋಪಿನ ತುಂಬ ಓಡಾಡುತ್ತಿದೆ.

ಇಷ್ಟು ಸ್ಪಷ್ಟವಾದ ಹುಟ್ಟೂರು ಇದ್ದರೂ ಹೆಸರಿಡುವಾಗ ಜನ ಮಾಡಿಕೊಂಡ ಗೊಂದಲ ನೋಡಿದರೆ ನಗು ಬರುತ್ತದೆ. ಇಟಲಿಯವರಿಗೆ ಇದು ‘ಗ್ರಾನೊತುರ್ಕೊ’, ತುರ್ಕರ ಧಾನ್ಯ. 1542ರಲ್ಲಿ ಲಿಯೊನ್ಹಾರ್ಟ್ ಫುಕ್ಸ್ ಎಂಬ ಜರ್ಮನ್ ವೈದ್ಯ ತನ್ನ ಸಸ್ಯಗ್ರಂಥದಲ್ಲಿ ಇದರ ಸೊಗಸಾದ ಚಿತ್ರ ಅಚ್ಚು ಹಾಕಿಸಿ, ಕೆಳಗೆ ‘ತುರ್ಕಿಯ ಗೋಧಿ’ ಎಂದು ಬರೆಸಿದ. ಸರಿ, ತುರ್ಕರನ್ನೇ ಕೇಳೋಣ ಎಂದರೆ ಅವರು ಇದಕ್ಕೆ ‘ಮಿಸಿರ್’ ಎನ್ನುತ್ತಾರೆ. ಮಿಸಿರ್ ಎಂದರೆ ಅವರ ಭಾಷೆಯಲ್ಲಿ ಈಜಿಪ್ಟ್ ದೇಶ. ಈಜಿಪ್ಟಿಗೆ ಹೋದರೆ ಅಲ್ಲಿನವರು ‘ದುರಾ ಶಾಮಿಯಾ’ ಎಂದು ಸಿರಿಯಾದ ಕಡೆ ಬೆರಳು ತೋರಿಸುತ್ತಾರೆ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಇದು ‘ಮಹಿಂದಿ’, ಅಂದರೆ ಹಿಂದ್ ದೇಶದ್ದು, ನಮ್ಮದು! ಕೆನಡಾದ ಫ್ರೆಂಚರೂ ಇದನ್ನು ‘ಬ್ಲೆ ದ್ಯಾಂದ್’, ಇಂಡಿಯಾದ ಗೋಧಿ ಎಂದೇ ಕರೆಯುತ್ತಾರೆ. ಅವರ ‘ಇಂಡಿಯಾ’ ಕೊಲಂಬಸ್ ತಪ್ಪಾಗಿ ತಿಳಿದುಕೊಂಡ ಇಂಡಿಯಾ ಎಂಬುದು ಬೇರೆ ಮಾತು. ಜಪಾನಿನ ಹೆಸರಂತೂ ಇನ್ನೂ ವಿಚಿತ್ರ. ಅವರ ಜೋಳದ ಹೆಸರು ‘ಮೊರೊಕೊಶಿ’. ಅದು ಚೀನಕ್ಕೆ ಅವರಿಟ್ಟಿದ್ದ ಹಳೆಯ ಹೆಸರೂ ಹೌದು. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದ ಹೊಸ ಕಾಳಿಗೆ ‘ತೊ’ ಎಂದು ಮುಂದೆ ಸೇರಿಸಿ ‘ತೊಮೊರೊಕೊಶಿ’ ಮಾಡಿದರು. ಆ ‘ತೊ’ ಎಂದರೂ ಚೀನವೇ, ತಾಂಗ್ ರಾಜರ ಚೀನ. ಚೀನದ ಚೀನೀ ಕಾಳು, ತಂದದ್ದು ಪೋರ್ಚುಗೀಸರು, ಹುಟ್ಟಿದ್ದು ಮೆಕ್ಸಿಕೋದಲ್ಲಿ.

ಇದನ್ನೆಲ್ಲ ಅಜ್ಞಾನ ಎಂದು ತಳ್ಳಿಬಿಡುವುದು ಸರಿಯಲ್ಲ. ರೈತನಿಗೆ ಬೀಜ ಎಲ್ಲಿ ಹುಟ್ಟಿತು ಎಂಬುದು ಗೊತ್ತಾಗುವುದಿಲ್ಲ, ಯಾರ ಕೈಯಿಂದ ಬಂತು ಎಂಬುದಷ್ಟೇ ಗೊತ್ತಾಗುತ್ತದೆ. ಅವನು ಕೊಟ್ಟವನ ಹೆಸರನ್ನು ಹಚ್ಚುತ್ತಾನೆ. ಎಷ್ಟೋ ಸಲ ಕೊಟ್ಟವನೂ ಅಲ್ಲ, ‘ದೂರದ್ದು’ ಎಂದು ಹೇಳಲು ಬಾಯಿಗೆ ಬಂದ ಒಂದು ದೊಡ್ಡ ದೇಶದ ಹೆಸರು. 16ನೇ ಶತಮಾನದ ಯುರೋಪಿನಲ್ಲಿ ಪರಕೀಯವಾದದ್ದಕ್ಕೆಲ್ಲ ತುರ್ಕಿಯ ಮುದ್ರೆ ಬೀಳುತ್ತಿತ್ತು. ನಮ್ಮಲ್ಲಿ ಹಡಗಿನಲ್ಲಿ ಬಂದ ಸರಕಿಗೆ ಒಂದು ಕಾಲದಲ್ಲಿ ‘ಸೀಮೆ’ ಎಂಬ ಮುದ್ರೆ ಬಿದ್ದ ಹಾಗೆಯೇ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಮೆಕ್ಕೆಜೋಳದ ‘ಮೆಕ್ಕೆ’ಯೂ, ಹಿಂದಿಯ ‘ಮಕ್ಕಾ’, ‘ಮಕಈ’, ಮರಾಠಿಯ ‘ಮಕಾ’ ಕೂಡ ಯಾತ್ರಾಸ್ಥಳವಾದ ಮೆಕ್ಕಾದ ಹೆಸರೇ ಎನ್ನುವವರಿದ್ದಾರೆ. ಧ್ವನಿ ಹೊಂದುತ್ತದೆ, ಮೇಲೆ ಹೇಳಿದ ಚಾಳಿಗೂ ಹೊಂದುತ್ತದೆ. ಆದರೂ ಸಿದ್ಧವಾದ ಮಾತು ಎಂದು ಅದನ್ನು ತರಗತಿಯಲ್ಲಿ ಹೇಳಲು ನಾನು ಒಪ್ಪುವುದಿಲ್ಲ. ಧ್ವನಿ ಹೊಂದಿದ್ದಷ್ಟಕ್ಕೇ ನೆಂಟಸ್ತಿಕೆ ಬೆಳೆಸಿದರೆ ಚೋಳ ಅರಸರನ್ನೂ ಜೋಳದ ಹೊಲದಲ್ಲಿ ನಿಲ್ಲಿಸಬೇಕಾಗುತ್ತದೆ. ಹಾಗೆ ನಿಲ್ಲಿಸಿದವರೂ ಇದ್ದಾರೆ.

ನಿಮ್ಮ ಮಗಳಿಗಾದ ಅನುಭವಕ್ಕೆ ತೀರ ಹತ್ತಿರದ್ದು ಬೇಕೆಂದರೆ ಅರಬ್ಬೀ ಭಾಷೆಯನ್ನು ನೋಡಬೇಕು. ‘ದುರಾ’ ಎಂಬುದು ಅಲ್ಲಿ ಜೋಳದ ಹೆಸರು. ಸುಡಾನಿನಲ್ಲಿ ಇಂದಿಗೂ ದುರಾ ಎಂದರೆ ನಮ್ಮ ಜೋಳವೇ. ಅದರ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಎಳೆದು ‘ಕಿಸ್ರಾ’ ಮಾಡುತ್ತಾರೆ. ಅಷ್ಟೇ ಅಲ್ಲ, ಜೋಳಕ್ಕೆ ಅಲ್ಲಿ ‘ಐಶ್’ ಎಂದೂ ಅನ್ನುತ್ತಾರೆ, ಅಂದರೆ ಬದುಕು. ಈಜಿಪ್ಟಿನಲ್ಲಿ ಅದೇ ‘ಐಶ್’ ಗೋಧಿಯ ರೊಟ್ಟಿ, ‘ದುರಾ’ ಎಂದರೆ ಸಾಮಾನ್ಯವಾಗಿ ಗೋವಿನಜೋಳ. ಸುಡಾನಿನ ಹೆಣ್ಣುಮಗಳೊಬ್ಬಳು ಕೈರೋದ ಅಂಗಡಿಯಲ್ಲಿ ದುರಾ ಹಿಟ್ಟು ಕೇಳಿದರೆ ಅಲ್ಲಿಯೂ ಇದೇ ಜಗಳ.

ಪೋರ್ಚುಗೀಸ್ ಭಾಷೆಯಲ್ಲಿ ಈ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುಗಿದಿದೆ. ‘ಮಿಲ್ಯು’ ಎಂಬುದು ಮೊದಲು ಅವರ ಹಳೆಯ ಸಿರಿಧಾನ್ಯದ ಹೆಸರು, ಲ್ಯಾಟಿನ್ ಮೂಲದ್ದು. ಅಮೆರಿಕದ ಕಾಳು ಬಂದು ಹೊಲ ತುಂಬಿದ ಮೇಲೆ ಮಿಲ್ಯು ಎಂದರೆ ಅದೇ ಆಯಿತು. ಪಾಪ, ಹಳೆಯ ಮನೆಯೊಡೆಯ ‘ಮಿಲ್ಯು ಮಿಯೂದು’, ಎಂದರೆ ಸಣ್ಣ ಮಿಲ್ಯು ಎನ್ನಿಸಿಕೊಳ್ಳಬೇಕಾಯಿತು. ದಕ್ಷಿಣ ಆಫ್ರಿಕಾದವರು ಗೋವಿನಜೋಳಕ್ಕೆ ‘ಮೀಲಿ’ ಎನ್ನುವುದು ಈ ಮಿಲ್ಯುವಿನಿಂದಲೇ. ನಾವು ‘ಬಿಳಿಜೋಳ’ ಎಂದು ಬಣ್ಣ ಸೇರಿಸಿ ಹೇಳುವುದು ಮೊದಲಿಗೆ ಕೆಂಪು ಜೋಳದಿಂದ ಬೇರೆ ಮಾಡಲು. ಬೆಂಗಳೂರಿಗೆ ಹೋದ ಮೇಲೆ ಗೋವಿನಜೋಳದಿಂದ ಬೇರೆ ಮಾಡಲೂ ಅದನ್ನೇ ಬಳಸುತ್ತಿದ್ದೇವೆ. ಪೋರ್ಚುಗೀಸರ ದಾರಿಯಲ್ಲಿ ನಮ್ಮದೂ ಒಂದು ಕಾಲು ಬಿದ್ದಿದೆ. ಮಲಪ್ರಭಾ, ಘಟಪ್ರಭಾ ಕಾಲುವೆಯ ನೀರು ಹರಿದಲ್ಲೆಲ್ಲ ಕಬ್ಬು ಮತ್ತು ಗೋವಿನಜೋಳ ನಿಂತಿವೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯ ಡೋಣಿ ನದಿಯ ಸಾಲಿನ ಎರೆಹೊಲಗಳು ವಿಜಯಪುರದಲ್ಲಿ ಇನ್ನೂ ಇರುವುದರಿಂದ ನಮ್ಮ ಕಡೆ ಹೆಸರು ಕೈಬಿಟ್ಟಿಲ್ಲ.

ಇಂಗ್ಲಿಷಿನ ‘ಕಾರ್ನ್’ ಬಗ್ಗೆಯೂ ಹೇಳಿಬಿಡುತ್ತೇನೆ, ಮಗಳಿಗೆ ಉಪಯೋಗವಾಗಬಹುದು. ಆ ಮಾತಿಗೆ ಹಳೆಯ ಅರ್ಥ ಬರೀ ಕಾಳು. ಇಂಗ್ಲೆಂಡಿನಲ್ಲಿ ಅದು ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಜರ್ಮನಿಯ ‘ಕೊರ್ನ್’ ಬಹಳ ಕಡೆ ರೈ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಬರುವ ಕಾರ್ನ್ ಗೋಧಿ, ಜವೆಯಂಥ ಕಾಳುಗಳೇ. 1815ರಿಂದ 1846ರವರೆಗೆ ಬ್ರಿಟನ್ನಿನ ರಾಜಕೀಯವನ್ನು ಅಲ್ಲಾಡಿಸಿದ ‘ಕಾರ್ನ್ ಕಾಯಿದೆಗಳು’ ಮುಖ್ಯವಾಗಿ ಗೋಧಿಯ ಆಮದಿನ ಮೇಲಿನ ಸುಂಕದ ವಿಷಯ. ಅಮೆರಿಕಕ್ಕೆ ಹೋದ ಇಂಗ್ಲಿಷರು ಮೊದಲು ‘ಇಂಡಿಯನ್ ಕಾರ್ನ್’ ಎಂದರು, ಅದೇ ಅವರ ದಿನದ ಊಟವಾದಾಗ ‘ಇಂಡಿಯನ್’ ಬಿದ್ದುಹೋಯಿತು. ಬೆಂಗಳೂರಿನಲ್ಲಿ ಮುಸುಕು ಜಾರಿದ್ದೂ ಹೀಗೆಯೇ.

ಒಂದು ಕಾಳು ಒಂದು ನಾಡಿನ ಜೀವಾಳವಾದಾಗ ಅದಕ್ಕೆ ಒಂದೇ ಹೆಸರು ಸಾಕಾಗುವುದಿಲ್ಲ ಎಂಬುದನ್ನು ಮೆಕ್ಸಿಕೋದ ನಾವಾಟ್ಲ್ ಭಾಷೆ ತೋರಿಸುತ್ತದೆ. ಎಳೆಯ ತೆನೆ ‘ಶಿಲೊಟ್ಲ್’, ಹಾಲುಗಾಳಿನ ಹಸಿ ತೆನೆ ‘ಎಲೊಟ್ಲ್’, ಒಣಗಿದ ತೆನೆ ‘ಸೆಂಟ್ಲಿ’, ಬಿಡಿಸಿದ ಕಾಳು ‘ಟ್ಲಾವೊಲ್ಲಿ’. ಮೆಕ್ಸಿಕೋದ ಸ್ಪ್ಯಾನಿಷಿನಲ್ಲಿ ಇಂದೂ ರಸ್ತೆ ಬದಿಯ ಬೇಯಿಸಿದ ತೆನೆಗೆ ‘ಎಲೊತೆ’ ಎಂದೇ ಹೆಸರು. ಅದಕ್ಕೆ ‘ಮಾಯಿಸ್’ ಎಂದರೆ ಊರ ಹೊರಗಿನವರು ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಈ ಸಂಪತ್ತು ಜೋಳಕ್ಕೆ ಇದೆ: ಹಾಲುಗಾಳು, ಸುಟ್ಟು ತಿಕ್ಕಿದರೆ ಸೀತನಿ, ಒಡೆದರೆ ನುಚ್ಚು, ಕಾಸಿದರೆ ಅಂಬಲಿ, ಒಣಗಿದ ದಂಟು ಕಣಿಕೆ. ಗೋವಿನಜೋಳಕ್ಕೆ ಇವುಗಳಲ್ಲಿ ಯಾವುದನ್ನೂ ನಾವು ಮನಸ್ಸಿಟ್ಟು ಕೊಟ್ಟಿಲ್ಲ. ಅದನ್ನು ಸುಟ್ಟು ಲಿಂಬೆಹಣ್ಣು, ಉಪ್ಪು, ಖಾರ ಹಚ್ಚಿ ತಿನ್ನುತ್ತೇವೆ, ಆದರೆ ಯಾರೂ ಸೀತನಿ ಎನ್ನುವುದಿಲ್ಲ. ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ: ಒಡೆಯನ ಜೋಳ ಉಂಡದ್ದಕ್ಕೆ ತೀರಿಸಬೇಕಾದ ಋಣ, ಬೇಕಾದರೆ ಪ್ರಾಣ ಕೊಟ್ಟಾದರೂ. ಇತರರು ಉಪ್ಪಿನ ಋಣ ಎನ್ನುವಲ್ಲಿ ಆಗಿನ ಕನ್ನಡ ವೀರರಿಗೆ ನೆನಪಾದದ್ದು ಜೋಳ.

ಹಾಗೆಂದು ಜೋಳ ಭೂಮಿ ಹುಟ್ಟಿದಾಗಿನಿಂದ ನಮ್ಮದೇ ಎಂದು ಬೀಗುವಂತಿಲ್ಲ. ಜೋಳವೂ ಅತಿಥಿಯೇ. ಇದನ್ನು ಮೊದಲು ಪಳಗಿಸಿದ್ದು ಆಫ್ರಿಕಾದಲ್ಲಿ. ಪೂರ್ವ ಸುಡಾನಿನಲ್ಲಿ ಸಿಕ್ಕ 5000 ವರ್ಷಕ್ಕೂ ಹಳೆಯ ಮಡಕೆಯ ಚೂರುಗಳಲ್ಲಿ ಇದರ ಹೊಟ್ಟಿನ ಅಚ್ಚುಗಳಿವೆ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆ ಇತ್ತ ಬಂತು. ಬಂದಾಗ ನಮ್ಮವರೂ ಅದೇ ಯುಕ್ತಿ ಮಾಡಿದಂತಿದೆ. ಸಂಸ್ಕೃತದಲ್ಲಿ ಜೋಳಕ್ಕೆ ‘ಯವನಾಲ’ ಎಂಬ ಹೆಸರಿದೆ. ಯವ ಎಂದರೆ ಬಾರ್ಲಿ. ನಮ್ಮ ಸಂತೆಯ ಜವೆಗೋಧಿಯ ‘ಜವೆ’ ಅದೇ ಮಾತು. ನಾಲ ಎಂದರೆ ದಂಟು. ತೆಲುಗಿನ ಜೊನ್ನ, ಮರಾಠಿಯ ಜೋಂಧಳಾ ಈ ಬಳ್ಳಿಯವು ಎಂದು ಹಲವು ವಿದ್ವಾಂಸರು ಹೇಳುತ್ತಾರೆ, ಕನ್ನಡದ ಜೋಳವನ್ನೂ ಅವರು ಈ ಸಾಲಿನಲ್ಲೇ ಕೂರಿಸುತ್ತಾರೆ. ಅಂದರೆ ಹಳೆಯ ಯವದ ಹೆಸರು ಹೊತ್ತು ಬಂದ ಹೊಸಬ ಒಂದು ಕಾಲದಲ್ಲಿ ಜೋಳ. ಇಂಗ್ಲಿಷಿನ ‘ಸೋರ್ಗಮ್’ ಕೂಡ ಲ್ಯಾಟಿನ್ನಿನ ‘ಸಿರಿಯಾದ ಕಾಳು’ ಎಂಬುದರಿಂದ ಬಂದಿರಬೇಕು ಎಂಬ ವಿವರಣೆ ಇದೆ. ಮತ್ತೆ ಸಿರಿಯಾ! ಬೆಳಗಾವಿಯ ಪೇಟೆಯಲ್ಲಿ ಮರಾಠಿ ಮಾತಾಡುವ ವ್ಯಾಪಾರಿ ಜೋಳಕ್ಕೆ ‘ಜ್ವಾರಿ’ ಎಂದರೆ ನಮ್ಮ ಕಿವಿಗೆ ಅದು ‘ಜವಾರಿ’ ಎಂದೇ ಬೀಳುತ್ತದೆ. ಜವಾರಿ ಕೋಳಿ, ಜವಾರಿ ಬೀಜ ಎನ್ನುವಾಗಿನ ಜವಾರಿ, ಅಪ್ಪಟ ಊರಿನದು. ಆಫ್ರಿಕಾದಿಂದ ಬಂದವನಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಎಲ್ಲಿ ಸಿಕ್ಕೀತು?

ಉಳಿದದ್ದು ನಿಮ್ಮ ಮನೆಯ ಎರಡು ಪಕ್ಷಗಳ ವ್ಯಾಜ್ಯ. ವ್ಯಾಕರಣ ಗೋವಿನ ಪಕ್ಷಕ್ಕಿದೆ. ಗೋವು, ಗೋವಿನ; ಗೋವೆ ಆಗಿದ್ದರೆ ‘ಗೋವೆಯ ಜೋಳ’ ಆಗಬೇಕಿತ್ತು. ಅದರ ಹಸಿ ದಂಟನ್ನು ದನಗಳು ಇಷ್ಟಪಟ್ಟು ತಿನ್ನುವುದೂ ನಿಜ. ಗೋವೆಯ ಪಕ್ಷಕ್ಕೆ ಇತಿಹಾಸವಿದೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೆರಿಕದ ಬೆಳೆಗಳನ್ನು ಹಡಗಿನಲ್ಲಿ ಪೂರ್ವಕ್ಕೆ ತಂದವರಲ್ಲಿ ಅವರು ಮುಂಚೂಣಿಯವರು. ಗೋವೆಯಿಂದ ಘಟ್ಟ ಹತ್ತಿದರೆ ಸಿಗುವುದು ಬೆಳಗಾವಿ, ಧಾರವಾಡಗಳ ಸೀಮೆ, ‘ಗೋವಿನಜೋಳ’ ಎಂಬ ಹೆಸರು ಗಟ್ಟಿಯಾಗಿ ಬಳಕೆಯಲ್ಲಿರುವುದೂ ಈ ಸೀಮೆಯಲ್ಲೇ. ತುರ್ಕಿ, ಮಿಸಿರ್, ಮಹಿಂದಿ ಎಂದು ಊರ ಹೆಸರು ಹಚ್ಚುವ ಚಾಳಿ ಜಗತ್ತಿನ ತುಂಬ ಇದ್ದದ್ದನ್ನು ನೋಡಿದಿರಿ. ಅಪರಿಚಿತ ಹೆಸರು ಜನರ ಬಾಯಲ್ಲಿ ಪರಿಚಿತ ಹೆಸರಿನ ರೂಪ ತಾಳುವುದು ಕೂಡ ಭಾಷೆಯಲ್ಲಿ ದಿನನಿತ್ಯದ ಸಂಗತಿ, ‘ಗೋವೆಯ’ ಎಂಬುದು ‘ಗೋವಿನ’ ಆಗಲು ಹೆಚ್ಚು ದೂರ ಹೋಗಬೇಕಿಲ್ಲ.

ಆದರೂ ನನ್ನ ಮತ ಗೋವಿಗೇ. ಊರ ಹೆಸರಿನ ವಾದ ಗೆಲ್ಲಬೇಕಾದರೆ ‘ಗೋವೆಯ ಜೋಳ’ ಎಂದು ಬರೆದ ಹಳೆಯ ದಫ್ತರವೊಂದು, ಕಡತವೊಂದು, ಕಡೆಗೆ ಒಂದು ಜನಪದ ಹಾಡಾದರೂ ಸಾಕ್ಷಿಗೆ ನಿಲ್ಲಬೇಕು. ಕೈಯಲ್ಲಿರುವ ರೂಪ ಸ್ಪಷ್ಟವಾಗಿ ಒಂದು ಅರ್ಥ ಕೊಡುತ್ತಿರುವಾಗ ಅದನ್ನು ಬಿಟ್ಟು ಹೋಗಲು ಬರೀ ಚೆಂದದ ಊಹೆ ಸಾಲದು. ನಿಮ್ಮ ಮನೆಯಲ್ಲಿ ಗೋವೆಯ ಪಕ್ಷದವರು ಯಾರೇ ಇರಲಿ, ಹಳೆಯ ಕಾಗದದ ಗಂಟುಗಳಿದ್ದರೆ ಬಿಚ್ಚಿ ನೋಡಲು ಹೇಳಿ. ಸಿಕ್ಕರೆ ನನಗೂ ಒಂದು ಪ್ರತಿ ಕಳಿಸಿ.